ಹತ್ತು ಬೂತಾಯಿಯ ಲೆಕ್ಕ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು. ಸಮಯವಿಲ್ಲದೆ ಅಂದು ಬಿಟ್ಟದ್ದನ್ನು ಕೆಲವು ಕಡೆ ಸೇರಿಸಿ ಬರೆದುಕೊಟ್ಟಿದ್ದೇನೆ.)



ಸಮಿತಿಯವರು ಮನೆಗೆ ಬಂದು, "ಅಕ್ಕ, ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಆಹಾರ ಅಂತ ಒಂದು ವಿಷಯ ಉಂಟು, ನೀವೇ ಮಾತಾಡಬೇಕು" ಎಂದಾಗ ನಾನು ಮೊದಲು ಆಗುವುದಿಲ್ಲ ಎಂದೆ. ಡಾಕ್ಟರುಗಳಾಗಿ, ಇಂಜಿನಿಯರುಗಳಾಗಿ ಹೆಸರು ಮಾಡಿದ ಹಳೆ ವಿದ್ಯಾರ್ಥಿಗಳು ಬೇಕಾದಷ್ಟು ಜನ ಇದ್ದಾರೆ. ನಾನು ಈ ಶಾಲೆಯ ಮೂರನೆಯ ತಂಡದವಳು. 1979ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಹತ್ತು ವರ್ಷ ಬೀಡಿ ಕಟ್ಟಿ, ಆಮೇಲೆ ಮೂವತ್ತನಾಲ್ಕು ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿದವಳು. "ಅದಕ್ಕೇ ನೀವು ಬೇಕಾದ್ದು" ಎಂದರು. ಸರಿ, ನನಗೆ ಗೊತ್ತಿದ್ದದ್ದನ್ನು ಹೇಳುತ್ತೇನೆ.

ನನ್ನ ತವರು ಬಂಟ್ವಾಳ ತಾಲೂಕು. ಮದುವೆಯಾಗಿ ಹೋದದ್ದು ಬೆಳ್ತಂಗಡಿ ಕಡೆಗೆ. ಈಗ ಮಗಳು ಮೂಡುಬಿದಿರೆಯಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಮೂರು ಊರಿನ ಮೂರು ಅಡುಗೆ ಕೋಣೆ ನಾನು ಕಂಡದ್ದು. ಮೊದಲನೆಯದರಲ್ಲಿ ಹಣವೂ ಇರಲಿಲ್ಲ, ಸಾಮಾನೂ ಇರಲಿಲ್ಲ. ಎರಡನೆಯದರಲ್ಲಿ ಹಿತ್ತಿಲು ಇತ್ತು, ಹಣ ಇರಲಿಲ್ಲ. ಮೂರನೆಯದರಲ್ಲಿ ಸ್ವಲ್ಪ ಹಣ ಉಂಟು, ಹಿತ್ತಿಲೂ ಇಲ್ಲ, ಪುರುಸೊತ್ತೂ ಇಲ್ಲ.

ಮೊದಲನೆಯದರಿಂದ ಶುರು ಮಾಡುತ್ತೇನೆ. ನನ್ನ ಅಪ್ಪ ಗೇಣಿ ಒಕ್ಕಲು. ಏಣೆಲು ಬೆಳೆ ಕೊಯ್ದು, ಮುಡಿ ಕಟ್ಟಿ, ಗೇಣಿ ಅಳೆದು ಕೊಟ್ಟ ಮೇಲೆ ಮನೆಯಲ್ಲಿ ಉಳಿಯುತ್ತಿದ್ದದ್ದು ಬೇಸಗೆಯವರೆಗೆ ಬರುವಷ್ಟು ಅಕ್ಕಿ. ನಲವತ್ತೆರಡು ಸೇರಿನ ಒಂದು ಮುಡಿ ಆರು ಜನರ ಮನೆಯಲ್ಲಿ ಎಷ್ಟು ದಿನ ಬಂದೀತು, ನೀವೇ ಲೆಕ್ಕ ಹಾಕಿ. ಆಟಿ ತಿಂಗಳಲ್ಲಿ ಸಾಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾನೂನು ಬಂತು, ಅಪ್ಪ 7ನೇ ನಮೂನೆ ಫಾರಂ ತುಂಬಿಸಿ ಡಿಕ್ಲರೇಷನ್ ಕೊಟ್ಟರು. ಇಲ್ಲಿರುವ ಅನೇಕ ಹಿರಿಯರಿಗೆ ಅದರ ಅರ್ಥ ಗೊತ್ತುಂಟು. ಅದೇ ವರ್ಷ ನೇತ್ರಾವತಿಯ ದೊಡ್ಡ ನೆರೆ, ಅದೇ ವರ್ಷ ನಮ್ಮ ಈ ಶಾಲೆ. ಭೂಮಿ ನಮ್ಮದಾಗಲು ಮತ್ತೂ ಕೆಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಮನೆ ನಡೆದದ್ದು ಅಮ್ಮನ ತಡ್ಪೆಯ ಮೇಲೆ. ತಡ್ಪೆ ಎಂದರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಅಕ್ಕಿ ಗೇರುವ ಗೆರಸೆ. ಬಂಟ್ವಾಳದ ಹೆಂಗಸರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಹಿಂದು, ಬ್ಯಾರಿ, ಕ್ರಿಶ್ಚಿಯನ್ ಅಂತ ಇಲ್ಲ, ಎಲ್ಲ ಮನೆಯ ಜಗಲಿಯಲ್ಲೂ ಅದೇ ಹೊಗೆಸೊಪ್ಪಿನ ವಾಸನೆ.

ಪ್ರಾಥಮಿಕ ಶಾಲೆಯಲ್ಲಿದ್ದಾಗ ಮಧ್ಯಾಹ್ನ ಉಪ್ಪಿಟ್ಟು ಸಿಗುತ್ತಿತ್ತು, ಅಮೆರಿಕದಿಂದ ಬಂದ ಹಾಲಿನ ಹುಡಿಯ ಹಾಲೂ ಇತ್ತು. ಹೈಸ್ಕೂಲಿಗೆ ಬಂದ ಮೇಲೆ ಅದು ಇಲ್ಲ. ಬುತ್ತಿ ತರಬೇಕು. ನನ್ನ ಬುತ್ತಿಯಲ್ಲಿ ಇರುತ್ತಿದ್ದದ್ದು ಕುಚ್ಚಲಕ್ಕಿ ಗಂಜಿ, ಮೇಲೆ ಒಂದು ತುಂಡು ಉಪ್ಪಿನಕಾಯಿ, ಅಥವಾ ಸುಟ್ಟ ಒಣಮೀನಿನ ಚಟ್ನಿ. ಮುಚ್ಚಳ ತೆರೆದರೆ ಇಡೀ ಕ್ಲಾಸಿಗೆ ವಾಸನೆ. ಹಾಗಾಗಿ ನಾವು ನಾಲ್ಕು ಜನ ಬಾವಿಕಟ್ಟೆಯ ಹಿಂದೆ ಕೂತು ಊಟ ಮಾಡುತ್ತಿದ್ದೆವು. ಆ ನಾಲ್ವರಲ್ಲಿ ಇಬ್ಬರು ಈಗ ಮೂರನೇ ಸಾಲಿನಲ್ಲಿ ಕೂತು ನಗುತ್ತಿದ್ದಾರೆ.

ಒಂಬತ್ತನೇ ತರಗತಿಯಲ್ಲಿ ಗಣಿತದ ಮಾಸ್ಟ್ರು ಒಂದು ಕೆಲಸ ಕೊಟ್ಟರು. ಒಂದು ವಾರ ಮನೆಯ ಖರ್ಚಿನ ಲೆಕ್ಕ ಬರೆದುಕೊಂಡು ಬರಬೇಕು. ಏನು ತಂದದ್ದು, ಎಷ್ಟು ತಂದದ್ದು, ಹೇಗೆ ಹಂಚಿದ್ದು. ಸರಾಸರಿ, ಶೇಕಡಾ ಕಲಿಸಲಿಕ್ಕೆ ಅಂತ. ನಮ್ಮ ಅಮ್ಮನಿಗೆ ಓದು ಬರಹ ಇಲ್ಲ, ಅಂಗಡಿಯ ಸಾಲವನ್ನು ಗೋಡೆಯಲ್ಲಿ ಮಸಿಯ ಗೆರೆ ಎಳೆದು ಲೆಕ್ಕ ಇಡುತ್ತಿದ್ದರು. ನಾನು ಗೋಡೆಯಿಂದ ಪುಸ್ತಕಕ್ಕೆ ಇಳಿಸಿದೆ. ಸೈಕಲ್ಲಿನಲ್ಲಿ ಮೀನಿನವರು ಬಂದ ದಿನ ಹೀಗೆ ಬರೆದೆ: ಬೂತಾಯಿ ಹತ್ತು. ಅಪ್ಪನಿಗೆ ಮೂರು, ಅಣ್ಣನಿಗೆ ಎರಡು, ನನಗೆ ಎರಡು, ತಮ್ಮನಿಗೆ ಎರಡು, ತಂಗಿಗೆ ಒಂದು. ಒಟ್ಟು ಹತ್ತು.

ಮಾಸ್ಟ್ರು ಪುಸ್ತಕ ನೋಡಿ ಕೇಳಿದರು, "ಮನೆಯಲ್ಲಿ ಎಷ್ಟು ಜನ?"

"ಆರು, ಸರ್."

"ಇದರಲ್ಲಿ ಐದೇ ಜನ ಇದ್ದಾರಲ್ಲ."

ನಾನು ಕೂಡಿಸುವುದರಲ್ಲಿ ತಪ್ಪಿದ್ದೇನೆ ಅಂತ ತಿಳಿದು ಬೆರಳು ಮಡಚಿ ಮತ್ತೆ ಎಣಿಸಿದೆ. ಒಟ್ಟು ಸರಿಯೇ ಇತ್ತು. ಮಾಸ್ಟ್ರು ಹೆಚ್ಚು ಹೇಳಲಿಲ್ಲ, ಸರಿ ಹಾಕಿ ಕೊಟ್ಟರು. ಮನೆಗೆ ಹೋಗಿ ಅಮ್ಮನನ್ನು ಕೇಳಿದೆ, ನಿಮಗೆ ಮೀನು ಎಲ್ಲಿ ಅಂತ. ಅಮ್ಮ ಬೀಡಿಗೆ ನೂಲು ಸುತ್ತುತ್ತಾ, ತಲೆ ಎತ್ತದೆ ಹೇಳಿದರು, "ಎಂಕ್ ಬಡವಾಪುಜಿ." ತುಳು ಬಾರದವರಿಗೆ ಹೇಳುತ್ತೇನೆ, "ನನಗೆ ಹಸಿವಾಗುವುದಿಲ್ಲ" ಅಂತ. ನಮ್ಮ ಜಿಲ್ಲೆಯಲ್ಲಿ ಹೆಂಗಸರು ಹೇಳಿದ ಸುಳ್ಳುಗಳಲ್ಲಿ ಇದಕ್ಕಿಂತ ಹೆಚ್ಚು ಸಲ ಹೇಳಿದ್ದು ಬೇರೆ ಇರಲಿಕ್ಕಿಲ್ಲ.

ಆ ಮಳೆಗಾಲದಲ್ಲಿ ಅಮ್ಮ ಬೀಡಿ ಕೊಡಲಿಕ್ಕೆ ಹೋದಲ್ಲಿ ತಲೆ ತಿರುಗಿ ಬಿದ್ದರು. ಸಾಲಿನಲ್ಲಿ ನಿಂತಿದ್ದವರು ನೀರು ಚಿಮುಕಿಸಿ ಮನೆಗೆ ಕರೆತಂದರು. ಕಟ್ಟಿದ ಬೀಡಿ ಕೆಸರಿಗೆ ಬಿದ್ದು ಹಾಳಾಯಿತು, ಆ ವಾರದ ಮಜೂರಿಯಲ್ಲಿ ಅದನ್ನೂ ಮುರಿದುಕೊಂಡರು. ಆಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರು ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು, ಉಗುರು ನೋಡಿದರು. "ರಕ್ತ ಇಲ್ಲವೇ ಇಲ್ಲ. ಏನು ಊಟ ಮಾಡುವುದು ನೀವು?" ಅಮ್ಮ ಹೇಳಿದರು, "ಮನೆಯಲ್ಲಿ ಎಲ್ಲರೂ ಮಾಡಿದ್ದೇ." ಅದು ಸುಳ್ಳು ಅಂತ ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿದ್ದದ್ದು. ಅವರು ಊಟ ಮಾಡುತ್ತಿದ್ದದ್ದು ತಳದಲ್ಲಿ ಉಳಿದ ಗಂಜಿ ತಿಳಿ, ಉಪ್ಪಿನಕಾಯಿಯ ರಸ, ಹಸಿವು ಗೊತ್ತಾಗದ ಹಾಗೆ ದಿನಕ್ಕೆ ನಾಲ್ಕೈದು ಸಲ ಕಣ್ಣ ಚಹಾ.

ನಾನು ಅಪ್ಪನಿಗೆ ಹೇಳಿದೆ. ಹೇಗೆ ಧೈರ್ಯ ಬಂತೋ, ಗಣಿತದ ಪುಸ್ತಕವನ್ನೇ ತೋರಿಸಿದೆ. ಅಪ್ಪ ಮಾತಿನವರಲ್ಲ. ಸಿಟ್ಟು ಬಂತೋ, ನಾಚಿಕೆಯಾಯಿತೋ ಗೊತ್ತಿಲ್ಲ, ಎದ್ದು ಗದ್ದೆಯ ಕಡೆಗೆ ಹೋದರು. ಮುಂದಿನ ಸಲ ಮೀನು ಬಂದಾಗ ಅವರೇ ಅಡುಗೆ ಕೋಣೆಯ ಬಾಗಿಲಲ್ಲಿ ಕೂತು ಹಂಚಿದರು. ಅವರಿಗೆ ಎರಡು, ಅಮ್ಮನಿಗೆ ಎರಡು, ಅಣ್ಣನಿಗೆ ಎರಡು, ನನಗೆ ಎರಡು, ತಮ್ಮ ತಂಗಿಗೆ ಒಂದೊಂದು. ಮೀನು ಹತ್ತೇ. ಒಂದು ಪೈಸೆ ಹೆಚ್ಚು ಖರ್ಚಾಗಲಿಲ್ಲ.

ಕಡಿಮೆ ಖರ್ಚಿನ ಊಟ ಎಂದ ಕೂಡಲೇ ಎಲ್ಲರೂ ಯಾವುದು ಅಗ್ಗ, ಎಲ್ಲಿ ಅಗ್ಗ ಎಂದು ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ಆದರೆ ನಾನು ಅಂಗನವಾಡಿಯಲ್ಲಿದ್ದಷ್ಟು ವರ್ಷ ಒಂದು ಮನೆಗೆ ಹೋದರೆ ಮೊದಲು ನೋಡುತ್ತಿದ್ದದ್ದು ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು, ಅವರ ಬಟ್ಟಲಲ್ಲಿ ಏನು ಉಂಟು ಅಂತ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47ಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ ಎಂದು ಬಂದಿದೆ. ಅವರೆಲ್ಲ ಅಕ್ಕಿ ಇಲ್ಲದ ಮನೆಯವರಲ್ಲ.

ಅಂಗನವಾಡಿಗೆ ಸೇರಿದ ಹೊಸತರಲ್ಲಿ ನನಗೂ ಬುದ್ಧಿ ಕಡಿಮೆ ಇತ್ತು. ತರಬೇತಿಯಲ್ಲಿ ಒಂದು ದೊಡ್ಡ ಚಿತ್ರಪಟ ಕೊಟ್ಟಿದ್ದರು. ಹಾಲು, ಬೆಣ್ಣೆ, ಸೇಬು, ದ್ರಾಕ್ಷಿ, ಕ್ಯಾರೆಟ್. ತಾಯಂದಿರ ಸಭೆಯಲ್ಲಿ ಅದನ್ನು ತೂಗುಹಾಕಿ ಕೋಲಿನಿಂದ ತೋರಿಸಿ ಪಾಠ ಮಾಡಿದೆ. ಮುಗಿದ ಮೇಲೆ ಹಿಂದಿನಿಂದ ಒಬ್ಬಳು ಹೇಳಿದಳು, "ಟೀಚರೇ, ಆ ಸೇಬು ನಮ್ಮ ಮನೆಗೆ ಬರುವುದು ಯಾರಾದರೂ ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ." ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಪಟದ ಹಿಂಭಾಗಕ್ಕೆ ಕ್ಯಾಲೆಂಡರಿನ ಕಾಗದ ಅಂಟಿಸಿ ನಾನೇ ಬರೆದೆ: ನುಗ್ಗೆ ಸೊಪ್ಪು, ಬಸಳೆ, ಹರಿವೆ, ಪೇರಳೆ, ಪಪ್ಪಾಯಿ, ಹುರುಳಿ, ಹೆಸರು, ಬೂತಾಯಿ, ಮೊಟ್ಟೆ. ಚಿತ್ರ ಚೆನ್ನಾಗಿ ಬರಲಿಲ್ಲ, ನನ್ನ ಬೂತಾಯಿಯನ್ನು ಮಕ್ಕಳು ತೊಂಡೆಕಾಯಿ ಎಂದರು. ಆದರೆ ಪಟದಲ್ಲಿದ್ದದ್ದೆಲ್ಲ ಊರಲ್ಲಿ ಸಿಗುವಂಥದ್ದು.

ಈಗ ಒಂದೊಂದಾಗಿ ಹೇಳುತ್ತೇನೆ. ಅಕ್ಕಿಯ ವಿಷಯ ಮೊದಲು, ಯಾಕೆಂದರೆ ನಾವು ಅಕ್ಕಿಯವರು. ಕುಚ್ಚಲಕ್ಕಿ ಒಳ್ಳೆಯದು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವ ಸ್ವಲ್ಪ ಕಾಳಿನೊಳಗೆ ಸೇರುತ್ತದೆ, ಮತ್ತೆ ಮಿಲ್ಲಿನಲ್ಲಿ ಮಾಡಿಸಿದರೂ ಪೂರ್ತಿ ಹೋಗುವುದಿಲ್ಲ. ಗಂಜಿ ತಿಳಿಯಲ್ಲೂ ಅದು ಇರುತ್ತದೆ, ಬಸಿದು ಚೆಲ್ಲಬೇಡಿ. ಗ್ಯಾಸ್ ಹೆಚ್ಚು ಬೇಕು ಎನ್ನುವುದು ಮಾತ್ರ ನಿಜ. ಒಂದು ಕುದಿ ಬರಿಸಿ ಥರ್ಮಲ್ ಕುಕ್ಕರಿನಲ್ಲಿ ರಾತ್ರಿ ಇಟ್ಟುಬಿಟ್ಟರೆ ಬೆಳಿಗ್ಗೆ ಬೆಂದಿರುತ್ತದೆ.

ಸೊಸೈಟಿಯಲ್ಲಿ ಸಿಗುವುದು ಬೆಳ್ತಿಗೆ. 2013ರಲ್ಲಿ ಅನ್ನಭಾಗ್ಯ ಬಂದಾಗಿನಿಂದ ನಮ್ಮ ಕಡೆ ಇದೇ ದೂರು, ನಮಗೆ ಬೆಳ್ತಿಗೆ ಸೇರುವುದಿಲ್ಲ, ಕುಚ್ಚಲಕ್ಕಿ ಕೊಡಿ ಅಂತ. ದೂರು ಸರಿಯಾದದ್ದೇ. ಆದರೆ ಅಲ್ಲಿಯವರೆಗೆ ಆ ಅಕ್ಕಿಯನ್ನು ಕಡಿಮೆ ಕ್ರಯಕ್ಕೆ ಯಾರಿಗೋ ಕೊಟ್ಟು, ಅದೇ ಹಣಕ್ಕೆ ಬೇಕರಿ ತಿಂಡಿ ತಂದರೆ ಎರಡು ಸಲ ನಷ್ಟ. ನೀರುದೋಸೆಗೆ, ಪುಂಡಿಗೆ, ಉದ್ದು ಹಾಕಿದ ದೋಸೆಗೆ, ಪತ್ರೊಡೆಗೆ ಬೇಕಾದ್ದು ಬೆಳ್ತಿಗೆಯೇ ಅಲ್ಲವಾ? ಬೆಳಗ್ಗಿನ ತಿಂಡಿ ಪೂರ್ತಿ ಸೊಸೈಟಿ ಅಕ್ಕಿಯಲ್ಲಿ ಆದರೆ, ಅಂಗಡಿಯಿಂದ ತರುವ ಕುಚ್ಚಲಕ್ಕಿ ಊಟಕ್ಕೆ ಮಾತ್ರ ಸಾಕು. ನಮ್ಮ ಮನೆಯ ಅಕ್ಕಿ ಖರ್ಚು ಹತೋಟಿಗೆ ಬಂದದ್ದು ಹೀಗೆ. ಇನ್ನೊಂದು ಮಾತು. ಬರೀ ನೀರುದೋಸೆ ತಿಂದರೆ ಹೊಟ್ಟೆ ತುಂಬುತ್ತದೆ, ಹತ್ತು ಗಂಟೆಗೆ ಮತ್ತೆ ಹಸಿವು. ಮಕ್ಕಳು ಶಾಲೆಯಲ್ಲಿ ಆಕಳಿಸುತ್ತಾರೆ, ಅಧ್ಯಾಪಕರಿಗೆ ಗೊತ್ತುಂಟು. ಜೊತೆಗೆ ಹುರುಳಿ ಚಟ್ನಿಯಾದರೂ ಇರಲಿ.

ಹುರುಳಿಯ ವಿಷಯ ಬಂತಲ್ಲ, ಸ್ವಲ್ಪ ನಿಲ್ಲುತ್ತೇನೆ. ನಮ್ಮಲ್ಲಿ ಹುರುಳಿಗೆ ಮರ್ಯಾದೆ ಇಲ್ಲ. ಕುದುರೆಗೆ ಹಾಕುವುದು, ಗದ್ದೆ ಉಳುವ ಕೋಣಗಳಿಗೆ ಬೇಯಿಸಿ ಹಾಕುವುದು, ಕಂಬಳದ ಕೋಣಗಳಿಗಂತೂ ಅದೇ ಮುಖ್ಯ. ನಾನು ಮನೆ ಭೇಟಿಗೆ ಹೋದಲ್ಲೆಲ್ಲ ಹೇಳುತ್ತಿದ್ದೆ, ಕೋಣ ಓಡುವುದು ಯಾವುದನ್ನು ತಿಂದು ಅಂತ ಯೋಚಿಸಿ ಮಾರಾಯ್ರೆ. ನೂರು ಗ್ರಾಂ ಹುರುಳಿಯಲ್ಲಿ ಹೆಚ್ಚುಕಡಿಮೆ 22 ಗ್ರಾಂ ಪ್ರೋಟೀನ್. ತೊಗರಿ ಬೇಳೆಯಲ್ಲೂ ಅಷ್ಟೇ, ಆದರೆ ಬೇಳೆಯ ಕ್ರಯ ಏರುವಾಗ ಹುರುಳಿ ಅಷ್ಟು ಏರುವುದಿಲ್ಲ. ರಾತ್ರಿ ನೆನೆಸಿ, ಮೊಳಕೆ ಬರಿಸಿ, ಬೇಯಿಸಿದ ಕಟ್ಟಿನಲ್ಲಿ ಸಾರು, ಕಾಳಿನಲ್ಲಿ ಪಲ್ಯ. ಒಂದು ಪಾವಿನಲ್ಲಿ ನಾಲ್ಕು ಜನರಿಗೆ ಎರಡು ಪದಾರ್ಥ. ಅಕ್ಕಿಯ ಪ್ರೋಟೀನಿನಲ್ಲಿ ಇರುವ ಕೊರತೆಯನ್ನು ಕಾಳು ತುಂಬುತ್ತದೆ, ಕಾಳಿನಲ್ಲಿ ಇರುವ ಕೊರತೆಯನ್ನು ಅಕ್ಕಿ ತುಂಬುತ್ತದೆ. ಹಾಗಾಗಿ ಗಂಜಿ ಮತ್ತು ಹುರುಳಿ ಚಟ್ನಿ ಬಡವರ ಊಟ ಎಂದು ತಲೆ ತಗ್ಗಿಸುವ ಅಗತ್ಯವಿಲ್ಲ. ಬಾವಿಕಟ್ಟೆಯ ಹಿಂದೆ ಕೂತು ತಿಂದದ್ದಕ್ಕೆ ನನಗೆ ಈಗ ಬೇಸರ ಇರುವುದು ಅದಕ್ಕೇ.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಸಾಕು. ಅಂಜಲ್ ಮದುವೆ ಮನೆಗೆ. ಸಂಜೆಯ ಹೊತ್ತಿಗೆ ಬುಟ್ಟಿಯಲ್ಲಿ ಉಳಿದದ್ದಕ್ಕೆ ಕ್ರಯ ಇಳಿಯುತ್ತದೆ, ಆದರೆ ಕಿವಿರು ಎತ್ತಿ ನೋಡಿ ತನ್ನಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಹಸಿ ಮೀನು ಹುಡುಕಿಕೊಂಡು ಹೋದರೆ ಕಿಸೆ ಖಾಲಿ. ಒಣಮೀನು, ಒಣ ಸಿಗಡಿ ಏಪ್ರಿಲ್, ಮೇಯಲ್ಲೇ ತೆಗೆದಿಡಬೇಕು. ಬಿಪಿ ಇರುವವರು ಒಣಮೀನನ್ನು ಎರಡು ಮೂರು ನೀರಿನಲ್ಲಿ ತೊಳೆದು ತಿನ್ನಿ, ಅದೂ ಸ್ವಲ್ಪ. ಮೀನು ತಿನ್ನದವರಿಗೆ ಕಾಳು, ಮಜ್ಜಿಗೆ, ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಉಂಟು. ನಮ್ಮ ಕಡೆ ರಾಗಿ ಎಂದರೆ ಬಾಣಂತಿಗೆ ಮತ್ತು ಸಣ್ಣ ಮಗುವಿನ ಮಣ್ಣಿಗೆ ಮಾತ್ರ. ಅದನ್ನು ದೊಡ್ಡವರೂ ಕುಡಿದರೆ ಯಾರೂ ಬೇಡ ಎನ್ನುವುದಿಲ್ಲ.

ಸೊಪ್ಪು ಹಣ ಕೊಟ್ಟು ತರುವುದನ್ನು ನಾನು ಬೆಳ್ತಂಗಡಿಗೆ ಹೋದ ಮೇಲೆ ಬಿಟ್ಟೆ. ಅತ್ತೆಯವರ ಹಿತ್ತಿಲು ದೊಡ್ಡದೇನಲ್ಲ. ಬಚ್ಚಲ ನೀರು ಹೋಗುವಲ್ಲಿ ಬಸಳೆಯ ಚಪ್ಪರ, ಅಂಗಳದ ಬದಿಯಲ್ಲಿ ನುಗ್ಗೆ, ಪಪ್ಪಾಯಿ, ತೊಂಡೆ. ನುಗ್ಗೆ ಸೊಪ್ಪಿನ ಪಲ್ಯಕ್ಕೆ ನಿಂಬೆ ಹುಳಿಯೋ ಬಿಂಬುಳಿಯೋ ಸೇರಿಸಿದರೆ ಅದರ ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೆ ಚಹಾ ಕುಡಿದರೆ ಹತ್ತುವುದಿಲ್ಲ. ಒಂದು ಗಂಟೆಯಾದರೂ ಬಿಡಿ. ನನ್ನ ಅಮ್ಮನಿಗೆ ಈ ಮಾತು ಹೇಳುವವರು ಯಾರೂ ಇರಲಿಲ್ಲ. ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ ಎಂದು ಹೆದರಿ ಎಸೆಯುವವರು ಈಗಲೂ ಇದ್ದಾರೆ. ಅದು ಸಹಜ, ಹೆದರಬೇಡಿ, ಎಸೆಯಬೇಡಿ.

ಅತ್ತೆ ಕಾಪಿಡುವುದರಲ್ಲಿ ಗಟ್ಟಿಗಿತ್ತಿ. ಹಲಸಿನಕಾಯಿಯ ಸೊಳೆ ಉಪ್ಪಿನಲ್ಲಿ, ಮಾವಿನಕಾಯಿ ಉಪ್ಪುನೀರಿನಲ್ಲಿ, ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿ, ಪುನರ್ಪುಳಿಯ ಸಿಪ್ಪೆ. ಬೇಸಗೆಯಲ್ಲಿ ಬೆಳೆದ ಸೌತೆಕಾಯಿಯನ್ನು ಬಾಳೆ ನಾರಿನಿಂದ ಕಟ್ಟಿ ಅಡುಗೆ ಕೋಣೆಯ ಮಾಡಿಗೆ ಸಾಲಾಗಿ ತೂಗುಹಾಕುತ್ತಿದ್ದರು. ಜಡಿಮಳೆಯಲ್ಲಿ ಒಂದೊಂದಾಗಿ ಇಳಿಸುವುದು. ಫ್ರಿಜ್ ಇಲ್ಲ, ಕರೆಂಟು ಬಿಲ್ಲೂ ಇಲ್ಲ. ಆಟಿಯಲ್ಲಿ ತಜಂಕ್ ಸೊಪ್ಪು, ಕೆಸುವಿನ ಎಲೆ, ಕಣಿಲೆ, ತಿಮರೆ ಚಟ್ನಿ.

ಇಲ್ಲಿ ಒಂದು ಮಾತು ಹೇಳದೆ ಇರಲಾಗುವುದಿಲ್ಲ. ಈಗ ಎಲ್ಲ ಸಂಘದವರೂ "ಆಟಿಡೊಂಜಿ ದಿನ" ಮಾಡುತ್ತಾರೆ, ಮೂವತ್ತು ಬಗೆಯ ತಿನಿಸು ಸಾಲಾಗಿ ಇಡುತ್ತಾರೆ, ತಟ್ಟೆ ತುಂಬಿಸಿ ಫೋಟೋ ತೆಗೆಯುತ್ತಾರೆ. ನಾನೂ ಹೋಗಿದ್ದೇನೆ, ತಿಂದಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಆಟಿಯ ಊಟ ಎಂದರೆ ಮೂವತ್ತರಲ್ಲಿ ಒಂದು, ಅದೂ ಮೂರು ಹೊತ್ತು ಅದೇ. ಕಾಡಿನಿಂದ ಸೊಪ್ಪು ತಂದದ್ದು ರುಚಿಗಲ್ಲ, ಅಕ್ಕಿ ಮುಗಿದದ್ದಕ್ಕೆ. ಆ ದಿನಗಳು ಚಂದ ಇದ್ದವು ಎಂದು ನಾನು ಹೇಳಲಾರೆ. ಅಲ್ಲಿಂದ ತೆಗೆದುಕೊಳ್ಳಬೇಕಾದ ವಿದ್ಯೆ ಉಂಟು, ಅಷ್ಟೇ.

ಇನ್ನೊಂದು ಬದಲಾವಣೆಯನ್ನೂ ನೋಡಿ. ಅಪ್ಪನಿಗೆ ಡಿಕ್ಲರೇಷನ್‌ನಲ್ಲಿ ಸಿಕ್ಕಿದ ಗದ್ದೆ ಈಗ ಅಡಿಕೆ ತೋಟ. ಅಣ್ಣನನ್ನು ದೂರುವುದಿಲ್ಲ, ಕೆಲಸದ ಜನ ಸಿಗುವುದಿಲ್ಲ, ಭತ್ತದಲ್ಲಿ ಗಿಟ್ಟುವುದಿಲ್ಲ. ಆದರೆ ಅಡಿಕೆಯ ಹಣ ಬರುವುದು ವರ್ಷಕ್ಕೆ ಒಂದೆರಡು ಸಲ, ಅಕ್ಕಿ ಬೇಕಾದ್ದು ಪ್ರತಿ ದಿನ. ಹಣ ಬಂದ ಕೂಡಲೇ ಮಳೆಗಾಲ ದಾಟುವಷ್ಟು ಅಕ್ಕಿ, ಕಾಳು, ಎಣ್ಣೆ ಮೊದಲು ಬರಲಿ, ಬೈಕು ಆಮೇಲೆ ಬರಲಿ ಎಂದು ನಾನು ಅಣ್ಣನ ಮಗನಿಗೆ ಹೇಳುತ್ತಿರುತ್ತೇನೆ. ಅವನು ಬೈಕು ಮೊದಲು ತಂದ. ಇರಲಿ.

ಈಗ ಮೂಡುಬಿದಿರೆಯ ಮನೆ. ಮಗಳ ಎರಡನೇ ಹೆರಿಗೆಗೆ ಹೋಗಿ ಎರಡು ತಿಂಗಳು ಇದ್ದೆ. ಅಳಿಯ ಡ್ರೈವರ್, ಮಗಳು ಹೆರಿಗೆಯವರೆಗೂ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ತಿಂಗಳ ಇಪ್ಪತ್ತಕ್ಕೆ ಹಣ ಮುಗಿಯುತ್ತದೆ ಎಂದಳು. ಮೂರು ತಿಂಗಳ ದಿನಸಿ ಬಿಲ್ಲು ತರಲು ಹೇಳಿ ಹಳೆ ಅಭ್ಯಾಸದಂತೆ ಬರೆಯಲು ಕೂತೆ. ಐದರಲ್ಲಿ ಒಂದು ಪಾಲು ಹೋಗುತ್ತಿದ್ದದ್ದು ಬಿಸ್ಕತ್ತು, ಕುರುಕಲು ಪ್ಯಾಕೆಟ್, ನೂಡಲ್ಸ್, ಮೊಮ್ಮಗನಿಗೆ ಹಾಲಿಗೆ ಹಾಕುವ ಡಬ್ಬಿಯ ಹುಡಿ. ಆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಕನ್ನಡಕ ಹಾಕಿ ಓದಿದೆ. ಸಕ್ಕರೆ ಮೊದಲ ಸಾಲಿನಲ್ಲೇ ಇತ್ತು. ಹುಡುಗನ ಹಲ್ಲು ಆಗಲೇ ಎರಡು ಹುಳುಕು.

ನಾನು ಉಪದೇಶ ಶುರು ಮಾಡಿದೆ. ಮಗಳು ಮಗುವಿಗೆ ಹಾಲು ಕೊಡುತ್ತಾ ಹೇಳಿದಳು, "ಅಮ್ಮ, ನಿಮಗೆ ಹಿತ್ತಿಲು ಇತ್ತು. ನನಗೆ ಇರುವುದು ಎರಡು ಕೋಣೆ. ಒಂಬತ್ತಕ್ಕೆ ಹೋಗಿ ಏಳಕ್ಕೆ ಬರುವವಳು ಹುರುಳಿ ಮೊಳಕೆ ಯಾವಾಗ ಬರಿಸಬೇಕು? ಪ್ಯಾಕೆಟ್ ಒಡೆದರೆ ಅವನು ಸುಮ್ಮನಿರುತ್ತಾನೆ, ನನಗೆ ಹತ್ತು ನಿಮಿಷ ಸಿಗುತ್ತದೆ."

ಅವಳು ಹೇಳಿದ್ದು ಸರಿ. ಹಣದ ಹಾಗೆ ಹೊತ್ತಿಗೂ ಲೆಕ್ಕ ಉಂಟು, ಅದನ್ನು ನಾನು ಬರೆದಿರಲೇ ಇಲ್ಲ. ಸೇಬಿನ ಚಿತ್ರದ ತಪ್ಪನ್ನೇ ಮತ್ತೆ ಮಾಡಿದ ಹಾಗಾಯಿತು. ಮತ್ತೆ ಇಬ್ಬರೂ ಕೂತು ಬೇರೆ ದಾರಿ ಮಾಡಿದೆವು. ಆದಿತ್ಯವಾರ ಒಂದೂವರೆ ಗಂಟೆ, ಅಳಿಯನೂ ಸೇರಿ. ರಾಗಿ, ಹೆಸರು, ನೆಲಗಡಲೆ ಹುರಿದು ಹುಡಿ ಮಾಡಿ ಡಬ್ಬಿಗೆ. ಹಾಲಿಗೆ ಹಾಕಲಿಕ್ಕೆ ಅದೇ, ಜೊತೆಗೆ ಚೂರು ಬೆಲ್ಲ. ವಾರಕ್ಕಾಗುವಷ್ಟು ಕಾಳು ಒಮ್ಮೆಲೇ ಮೊಳಕೆ ಬರಿಸಿ ಫ್ರಿಜ್ಜಿಗೆ. ತೆಂಗಿನಕಾಯಿ ತುರಿದು, ಮೆಣಸು ಹುರಿದು ಅರೆದು ಎರಡು ಡಬ್ಬಿ. ಸಂಜೆ ಮಗು ಅತ್ತಾಗ ಪ್ಯಾಕೆಟಿನ ಬದಲು ಬೇಯಿಸಿದ ಮೊಟ್ಟೆ ಅಥವಾ ಬಾಳೆಹಣ್ಣು, ಅದಕ್ಕೂ ಸಿಪ್ಪೆ ಸುಲಿಯುವಷ್ಟೇ ಹೊತ್ತು ಬೇಕಾದ್ದು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, ಆ ಕ್ರಯಕ್ಕೆ ಅಷ್ಟು ಕೊಡುವ ಪ್ಯಾಕೆಟ್ ಅಂಗಡಿಯಲ್ಲಿ ನಾನು ಕಂಡಿಲ್ಲ. ಬಾಲ್ಕನಿಯಲ್ಲಿ ಪೈಂಟಿನ ಖಾಲಿ ಬಕೆಟಿಗೆ ಮಣ್ಣು ತುಂಬಿ ಬಸಳೆ ನೆಟ್ಟು ಬಂದೆ. ನೂಡಲ್ಸ್ ಪೂರ್ತಿ ನಿಂತಿಲ್ಲ, ತಿಂಗಳಿಗೆ ಎರಡು ಸಲ ಉಂಟಂತೆ. ಹಣ ಈಗ ಇಪ್ಪತ್ತೇಳು, ಇಪ್ಪತ್ತೆಂಟರವರೆಗೆ ಬರುತ್ತದೆ ಎನ್ನುತ್ತಾಳೆ.

ಶಾಲೆಯ ಬಿಸಿಯೂಟದ ವಿಷಯ ಒಂದು ಮಾತು. 2001ರಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿದ ಮೇಲೆ ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲು ಶುರುವಾಗಿ, ಆಮೇಲೆ ನಮ್ಮ ಕಡೆಗೂ, ಮತ್ತೆ ಹೈಸ್ಕೂಲಿಗೂ ಬಂತು. 2013ರಿಂದ ಹಾಲು. ಈಗ ಮೊಟ್ಟೆ ಉಂಟು, ತಿನ್ನದವರಿಗೆ ಬಾಳೆಹಣ್ಣು. ಕೆಲವು ತಂದೆತಾಯಿಗಳು ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸುತ್ತಾರೆ, ಶಾಲೆ ಊಟ ನಮ್ಮ ಮಟ್ಟಕ್ಕೆ ಸಾಲದು ಎನ್ನುವ ಹಾಗೆ. ನಿನ್ನೆ ನಾನು ಮಕ್ಕಳ ಸಾಲಿನಲ್ಲೇ ಕೂತು ಊಟ ಮಾಡಿದೆ. ಅನ್ನ, ತರಕಾರಿ ಹಾಕಿದ ಸಾಂಬಾರು, ಒಂದು ಮೊಟ್ಟೆ. ಬಾವಿಕಟ್ಟೆಯ ಹಿಂದೆ ಯಾರೂ ಇರಲಿಲ್ಲ, ಎದ್ದು ಹೋಗಿ ನೋಡಿ ಬಂದೆ. ಅಡುಗೆಯ ಅಕ್ಕಂದಿರು ಅಲ್ಲಿ ಬಾಗಿಲ ಹತ್ತಿರ ನಿಂತಿದ್ದಾರೆ. ಎಲ್ಲರಿಗೂ ಬಡಿಸಿದ ಮೇಲೆ ಅವರು ಏನು ತಿನ್ನುತ್ತಾರೆ ಎಂದು ಸಮಿತಿಯವರು ಒಮ್ಮೆ ಕೇಳಿ ನೋಡಬೇಕು.

ಇದನ್ನು ಹೇಳುವ ಹಕ್ಕು ನನಗೆ ಪೂರ್ತಿ ಇಲ್ಲ. ನಿವೃತ್ತಿಗೆ ಆರು ವರ್ಷ ಮೊದಲು ನಮ್ಮ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯ ಶಿಬಿರ ಇತ್ತು. ತಾಯಂದಿರನ್ನೆಲ್ಲ ಮನೆ ಮನೆಗೆ ಹೋಗಿ ಕರೆತಂದವಳು ನಾನೇ. ಕೊನೆಗೆ ನರ್ಸ್, "ಟೀಚರೇ, ನಿಮ್ಮದೂ ನೋಡುವ" ಎಂದರು. ಹೆಂಗಸರಿಗೆ 12 ಇರಬೇಕು. ನನ್ನದು 8.4 ಬಂತು. ಮೊದಲು ಮಿಷನ್ ಸರಿ ಇಲ್ಲ ಎಂದೆ. ಮನೆಗೆ ಬಂದು ಒಂದು ವಾರ ನಾನು ತಿಂದದ್ದನ್ನು ಬರೆದಿಟ್ಟೆ. ಬೆಳಿಗ್ಗೆ ಚಹಾ, ಓಡುವ ಅವಸರದಲ್ಲಿ ಅರ್ಧ ದೋಸೆ, ಮಧ್ಯಾಹ್ನ ಮಕ್ಕಳಿಗೆ ಬಡಿಸಿ ಉಳಿದದ್ದು, ಸಂಜೆ ಚಹಾ, ರಾತ್ರಿ ಎಲ್ಲರದ್ದೂ ಆದ ಮೇಲೆ ಗಂಜಿ. ಮೂವತ್ತು ವರ್ಷ ಊರಿಗೆಲ್ಲ ಹೇಳಿದವಳ ಲೆಕ್ಕದಲ್ಲೂ ಒಬ್ಬರು ಕಡಿಮೆ. ಗಂಡನಿಗೆ ಪುಸ್ತಕ ತೋರಿಸಿದೆ. ಅವರು ಓದಿ, "ನನಗೆ ಯಾಕೆ ಮೊದಲೇ ಹೇಳಲಿಲ್ಲ?" ಎಂದರು. ಹೇಳುವಂಥದ್ದು ಅಂತ ನನಗೇ ಗೊತ್ತಿರಲಿಲ್ಲ. ಆವತ್ತಿನಿಂದ ನಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಒಟ್ಟಿಗೆ ಕೂರುವುದು, ಪಾತ್ರೆ ನಡುವೆ ಇಟ್ಟು. ಬಡಿಸುವವರು ಅಂತ ಬೇರೆ ಯಾರೂ ಇಲ್ಲ. ಒಂದು ವರ್ಷದಲ್ಲಿ ಮಾತ್ರೆಯೂ ಸೇರಿ 11.6ಕ್ಕೆ ಬಂದೆ.

ಅಮ್ಮ ಎಪ್ಪತ್ತೆಂಟು ವರ್ಷ ಬದುಕಿದರು. ಕೊನೆಯ ವರ್ಷಗಳಲ್ಲಿ ಬೂತಾಯಿ ತಂದರೆ ಅವರೇ ಎಣಿಸುತ್ತಿದ್ದರು, ಆರಕ್ಕೆ ಭಾಗ ಆಗುತ್ತದಾ ಅಂತ. ಮನೆಯಲ್ಲಿ ಆಗ ಇದ್ದದ್ದು ಮೂವರೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಒಳಗಿನಿಂದ ಸಾಂಬಾರಿನ ಪರಿಮಳವೂ ಬರುತ್ತಿದೆ. ಹೊರಗೆ ಪುಸ್ತಕ ಮಾರಾಟದ ಮೇಜಿನ ಪಕ್ಕ ಒಂದು ಗೋಣಿಯಲ್ಲಿ ಬಸಳೆಯ ಬಳ್ಳಿ ತುಂಡು ಮಾಡಿ ತಂದಿಟ್ಟಿದ್ದೇನೆ, ಕೆಂಪು ದಂಟಿನದ್ದೂ ಉಂಟು, ಬಿಳಿಯದ್ದೂ ಉಂಟು. ಇನ್ನೊಂದು ಕಟ್ಟಿನಲ್ಲಿ ನುಗ್ಗೆಯ ಗೆಲ್ಲು. ಹಣ ಇಲ್ಲ. ಒಬ್ಬರು ಎರಡು ಮೂರು ತುಂಡು ತೆಗೆದುಕೊಂಡು ಹೋಗಿ, ಗಂಟು ಮಣ್ಣಿನೊಳಗೆ ಹೋಗುವ ಹಾಗೆ ನೆಡಿ. ಬಚ್ಚಲ ನೀರು ಸಾಕು, ಸಾಬೂನು ನೀರು ಬೇಡ.